ಎಂಟು ಹಲ್ಲಿನ ಲೆಕ್ಕ

ಕಳೆದ ತಿಂಗಳು ಬೆಂಗಳೂರಿನಿಂದ ನನ್ನ ತಂಗಿಯ ಮೊಮ್ಮಗ ಫೋನು ಮಾಡಿದ್ದ. ಹೊಸದಾಗಿ ಕೊಂಡ ಜೀಪನ್ನು ಎತ್ತರಿಸಿ, ಅದಕ್ಕೆ ದೊಡ್ಡ ಟೈರು ಹಾಕಿಸುವ ಹುಮ್ಮಸ್ಸಿನಲ್ಲಿದ್ದಾನೆ. "ಅಜ್ಜ, ಹಾಗೆ ಮಾಡಿದರೆ ಆಕ್ಸಲ್ಲಿನ ಗೇರ್ ರೇಷಿಯೋ ಕೂಡ ಬದಲಿಸಬೇಕಂತೆ. ನೀವು ಲೆಕ್ಕದ ಮೇಷ್ಟ್ರಲ್ಲವೆ, ಎಷ್ಟಿರಬೇಕು ಹೇಳಿ" ಎಂದ. ನಾನು ಕೊಂಚ ಹೊತ್ತು ಸುಮ್ಮನಿದ್ದೆ. ಇದೇ ಪ್ರಶ್ನೆಯನ್ನು 1994ರಲ್ಲಿ ಇನ್ನೊಬ್ಬ ನನಗೆ ಕೇಳಿದ್ದ. ನಾನು ಉತ್ತರವನ್ನು ಬರೆದೂ ಕೊಟ್ಟಿದ್ದೆ. ಆ ಉತ್ತರ ತಪ್ಪಾಗಿತ್ತು.

ಕೇಳಿದವನು ನನ್ನ ಹಳೆಯ ವಿದ್ಯಾರ್ಥಿ, ಹದಿನಾರಿನ ರೈತ. ಹೆಸರು ಬರೆಯುವುದಿಲ್ಲ; ಅವನ ಸಹಪಾಠಿಗಳಿಗೆ ಎರಡು ಸಾಲು ಓದುವಷ್ಟರಲ್ಲಿ ತಿಳಿದುಹೋಗುತ್ತದೆ. ನಂಜನಗೂಡು ಮತ್ತು ತಿರುಮಕೂಡಲು ನರಸೀಪುರಗಳ ನಡುವಿನ ಈ ಊರನ್ನು ಒಡೆಯರ ಮನೆತನದ ಮೂಲಸ್ಥಾನವೆಂದು ಹೇಳುತ್ತಾರೆ. ಯದುರಾಯರು 1399ರಲ್ಲಿ ಇಲ್ಲಿಯ ರಾಜಕುಮಾರಿಯನ್ನು ವರಿಸಿ ಆಳ್ವಿಕೆ ಆರಂಭಿಸಿದರೆಂಬುದು ಐತಿಹ್ಯ. 'ಹದಿನಾಡು' ಎಂಬುದೇ ಹದಿನಾರಾಯಿತೆಂದು ಬಲ್ಲವರು ಹೇಳಿದರೂ, ನನ್ನಂಥ ಲೆಕ್ಕದವನಿಗೆ ಅದು ಸಂಖ್ಯೆಯಾಗಿಯೇ ಕಾಣುತ್ತದೆ. ಜೀಪಿನ ಚಕ್ರದ ರಿಮ್ಮೂ ಹದಿನಾರು ಇಂಚಿನದೇ ಎಂದು ಅವನು ಹೇಳಿದಾಗ ನಾನು ಬಹಳ ಸಂತೋಷಪಟ್ಟಿದ್ದೆ. ಪಾಪ, ಅವನ ಚಿಂತೆ ಬೇರೆಯಿತ್ತು.

ಅವನ ಬಳಿ ಡೀಸಲ್ಲಿನ ಹಳೆಯ ಮಹೀಂದ್ರ ಜೀಪೊಂದಿತ್ತು. ತೋಟದಿಂದ ಬಾಳೆಗೊನೆ ಸಾಗಿಸುವ ಹಾದಿಯಲ್ಲಿ ಟ್ರ್ಯಾಕ್ಟರುಗಳು ಓಡಾಡಿ ಎರಡೂ ಕಡೆ ಆಳದ ಜಾಡು ಬಿದ್ದಿತ್ತು. ಮಳೆಗಾಲದಲ್ಲಿ ಜೀಪಿನ ಚಕ್ರಗಳು ಜಾಡಿಗಿಳಿದರೆ, ಆಕ್ಸಲ್ಲಿನ ನಡುವಿರುವ ಕುಂಬಳಕಾಯಿಯಂಥ ಗೇರುಪೆಟ್ಟಿಗೆ ನಡುವಿನ ದಿಬ್ಬಕ್ಕೆ ತಾಗಿ ವಾಹನ ಅಲ್ಲೇ ಕೂತುಬಿಡುತ್ತಿತ್ತು. ಮೊದಲು ಸ್ಪ್ರಿಂಗಿಗೆ ಪಟ್ಟಿ ಸೇರಿಸಿ ಎತ್ತರಿಸಿದ. ಮೈ ಮೇಲೆದ್ದಿತೇ ಹೊರತು ಆಕ್ಸಲ್ಲು ಇದ್ದಲ್ಲೇ ಇತ್ತು. ಸ್ಪ್ರಿಂಗ್ ಏರಿಸುವುದರಿಂದ ದೊಡ್ಡ ಟೈರಿಗೆ ಜಾಗ ಸಿಗುತ್ತದೆ, ಅಷ್ಟೇ. ಆಕ್ಸಲ್ಲನ್ನು ಎತ್ತುವುದು ಟೈರು ಮಾತ್ರ. ಹೀಗಾಗಿ 6.00-16ರ ಬದಲು ಸಣ್ಣ ಲಾರಿಗಳಿಗೆ ಹಾಕುವ 7.50-16 ಟೈರು ತಂದ. ಹಳೆಯದರ ಎತ್ತರ 29 ಇಂಚು, ಹೊಸದರದು 32. ಮೂರರಲ್ಲಿ ಅರ್ಧ, ಒಂದೂವರೆ ಇಂಚು ಆಕ್ಸಲ್ಲು ಮೇಲೆದ್ದಿತು. ಆ ಹಾದಿಗೆ ಅಷ್ಟು ಸಾಕಾಗಿತ್ತು.

ಆದರೆ ಜೀಪು ಸೋತಿತು. ಗೊನೆ ತುಂಬಿಕೊಂಡು ನಾಲೆಯ ಏರಿ ಹತ್ತುವಾಗ ಇಂಜಿನ್ನು ಉಸಿರುಗಟ್ಟುತ್ತಿತ್ತು. ಕ್ಲಚ್ಚಿನ ಸುಟ್ಟ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಆಕ್ಸಲ್ಲಿನ ಕ್ರೌನು, ಪಿನಿಯನ್ನು ಬದಲಿಸಬೇಕೆಂದು ಮೆಕ್ಯಾನಿಕ್ಕು ಹೇಳಿದ್ದನಂತೆ. ಯಾವುದನ್ನು ಹಾಕಿಸಬೇಕೆಂದು ಕೇಳಲು ನನ್ನ ಮನೆಗೆ ಬಂದ. ಅವನ ಜೀಪಿನಲ್ಲಿದ್ದ ಪಿನಿಯನ್ನಿಗೆ 8 ಹಲ್ಲು, ಕ್ರೌನಿಗೆ 39. ಭಾಗಿಸಿದರೆ 4.88, ಅಂದರೆ ಇಂಜಿನ್ನಿನ ಕಡೆಯ ದಂಡ ಹೆಚ್ಚುಕಡಿಮೆ ಐದು ಸುತ್ತು ಸುತ್ತಿದರೆ ಚಕ್ರ ಒಂದು ಸುತ್ತು.

ಇವನನ್ನೇ ನಾನು ಒಂಬತ್ತನೆಯ ತರಗತಿಯಲ್ಲಿ ವಿಲೋಮ ಅನುಪಾತದ ಲೆಕ್ಕ ಬಾರದ್ದಕ್ಕೆ ಬೆಂಚಿನ ಮೇಲೆ ನಿಲ್ಲಿಸಿದ್ದೆ. ಈಗ ಅವನೇ ಲೆಕ್ಕ ಕೇಳಿ ಬಂದನೆಂಬ ಬಿಂಕದಲ್ಲಿ ಕಾಗದ ತೆಗೆದುಕೊಂಡೆ. ನಮ್ಮ ತಂದೆಯವರ ಎತ್ತಿನ ಗಾಡಿ ನೆನಪಾಯಿತು. ದೊಡ್ಡ ಚಕ್ರದ ಗಾಡಿ ಹಗುರವಾಗಿ ಉರುಳುತ್ತದೆ, ಗುಂಡಿಯನ್ನೂ ಸಲೀಸಾಗಿ ದಾಟುತ್ತದೆ. ಚಕ್ರ ದೊಡ್ಡದಾದರೆ ಗೇರು ಕಡಿಮೆ ಸಾಕೆಂದು ತೀರ್ಮಾನಿಸಿ 4.88ನ್ನು 29ರಿಂದ ಗುಣಿಸಿ 32ರಿಂದ ಭಾಗಿಸಿದೆ. 4.42 ಬಂತು. ಅದರ ಸಮೀಪದಲ್ಲಿ ಸಿಗುವುದು 4.27; ಅದನ್ನು ಹಾಕಿಸೆಂದು ಬರೆದು, ಕೆಳಗೆ ಎರಡು ಗೆರೆ ಎಳೆದು ಕೊಟ್ಟೆ. ಅವನು ಕಾಗದವನ್ನು ಜೇಬಿಗಿಟ್ಟುಕೊಂಡು ನಮಸ್ಕರಿಸಿ ಹೋದ.

ಮರುವರ್ಷದ ಬೇಸಿಗೆ ರಜೆಯಲ್ಲಿ ಅದೇ ಜೀಪಿನಲ್ಲಿ ನಮ್ಮನ್ನು ಬಿಳಿಗಿರಿರಂಗನ ಬೆಟ್ಟಕ್ಕೆ ಕರೆದೊಯ್ದ. ನನ್ನ ಹೆಂಡತಿ, ತಂಗಿ, ನಾಲ್ಕು ಮಕ್ಕಳು, ಬುತ್ತಿಯ ಗಂಟುಗಳು. ಜೀಪು ದಣಿವಿಲ್ಲದೆ ಹತ್ತಿತು. ಇಳಿಯುವಾಗಲಂತೂ ಎರಡನೆಯ ಗೇರಿನಲ್ಲಿ ಇಂಜಿನ್ನೇ ಹಿಡಿದುಕೊಂಡಿತ್ತು. ಬ್ರೇಕನ್ನು ಅವನು ತಿರುವುಗಳಲ್ಲಿ ಮಾತ್ರ ಮುಟ್ಟುತ್ತಿದ್ದ. "ನೋಡಿದೆಯಾ, ನನ್ನ ಲೆಕ್ಕ!" ಎಂದೆ. "ಹೌದು ಮೇಷ್ಟ್ರೇ" ಎಂದ.

ಯಳಂದೂರು ದಾಟಿದ ಮೇಲೆ ರಸ್ತೆ ಸಮತಟ್ಟಾಯಿತು. ಕಿಲೋಮೀಟರು ಕಲ್ಲುಗಳನ್ನು ನೋಡುತ್ತ ಗಡಿಯಾರ ಹಿಡಿದು ವೇಗ ಅಳೆಯುವುದು ನನ್ನ ಹಳೆಯ ಚಟ. ಮೀಟರಿನ ಮುಳ್ಳು 40ರಲ್ಲಿತ್ತು. ಕಲ್ಲಿನಿಂದ ಕಲ್ಲಿಗೆ 90 ಸೆಕೆಂಡು, ಸರಿಯಾಗಿ. ಎರಡು ಮೂರು ಸಲ ನೋಡಿದೆ, ಅಷ್ಟೇ ಬಂತು. ಆಗ ಮನಸ್ಸಿನಲ್ಲಿ ಏನೋ ಕೊರೆಯಿತು. ಜೀಪಿನಲ್ಲಿ ಮೀಟರಿನ ತಂತಿ ಆಕ್ಸಲ್ಲಿಗಿಂತ ಮೊದಲೇ ಕೂಡಿಕೊಳ್ಳುತ್ತದೆ. ಆಕ್ಸಲ್ಲಿನ ಗೇರು, ಟೈರಿನ ಎತ್ತರ ಅದಕ್ಕೆ ತಿಳಿಯವು. ನಾನು ಹೇಳಿದ 4.27 ಒಳಗಿದ್ದಿದ್ದರೆ ಮುಳ್ಳು 40 ತೋರಿಸುವಾಗ ನಾವು 50ರಲ್ಲಿ ಓಡುತ್ತಿರಬೇಕು, ಕಲ್ಲು 71 ಸೆಕೆಂಡಿಗೇ ಬರಬೇಕು. ಬಾಯಿಲೆಕ್ಕವನ್ನು ಎರಡು ಬಾರಿ ಮಾಡಿದೆ. ಅನುಮಾನ ಉಳಿಯಲಿಲ್ಲ.

"ಯಾವುದು ಹಾಕಿಸಿದ್ದೀಯಪ್ಪ?" ಎಂದು ಮೆಲ್ಲಗೆ ಕೇಳಿದೆ.

ಅವನು ರಸ್ತೆಯ ಮೇಲಿನ ಕಣ್ಣು ತೆಗೆಯದೆ ಹೇಳಿದ: "ಐದು ಮೂವತ್ತೆಂಟು, ಮೇಷ್ಟ್ರೇ. ನಲವತ್ಮೂರಕ್ಕೆ ಎಂಟು ಹಲ್ಲು." ಸ್ವಲ್ಪ ತಡೆದು, "ನಿಮ್ಮ ಅಂಕಿ ತಪ್ಪೇನಲ್ಲ. ದೊಡ್ಡ ಟೈರು ಹಾಕಿದ್ಮೇಲೆ ಜೀಪು ನಾಲ್ಕು ನಲವತ್ತೆರಡರ ಹಂಗೇ ಆಗೋಗಿತ್ತು. ಅದು ಕಾಯಿಲೆ. ನೀವು ಅದನ್ನೇ ಔಷಧಿ ಅಂತ ಬರ್ಕೊಟ್ರಿ" ಎಂದ.

ಗಾಡಿಯ ಚಕ್ರದ ವಿಷಯ ಹೇಳಿದೆ. ಅವನು ನಕ್ಕ. "ಗಾಡೀನ ಎತ್ತು ಎಳೀತದೆ, ಚಕ್ರ ಸುಮ್ನೆ ಉರುಳ್ತದೆ. ಜೀಪಲ್ಲಿ ಚಕ್ರಾನೇ ಎತ್ತಲ್ವಾ, ಮೇಷ್ಟ್ರೇ."

ಅಷ್ಟೇ ವಿಷಯ. ಜೀಪಿನಲ್ಲಿ ಆಕ್ಸಲ್ಲು ನಡುವಿನಿಂದ ಚಕ್ರವನ್ನು ತಿರುಗಿಸಿ ನೆಲವನ್ನು ಹಿಂದಕ್ಕೆ ತಳ್ಳಬೇಕು. ನೆಲ ದೂರವಾದಷ್ಟೂ ತಳ್ಳುವ ಬಲ ಕುಗ್ಗುತ್ತದೆ. ಆದುದರಿಂದ 32ರಿಂದ ಗುಣಿಸಿ 29ರಿಂದ ಭಾಗಿಸಬೇಕಿತ್ತು: 5.38. ಹುಡುಕಿದ ಹಾಗೆ ಸಿಗುವ ಅಂಕಿ! ಎಷ್ಟೋ ಹಳೆಯ ಪೆಟ್ರೋಲ್ ಜೀಪುಗಳಲ್ಲಿ ಇದ್ದದ್ದೇ ಆ ಜೋಡಿ; ಅವನು ಮೈಸೂರಿನ ಗುಜರಿಯಲ್ಲಿ ಹುಡುಕಿ ತಂದಿದ್ದ. ಅದೂ ಎರಡು ಜೋಡಿ. ನಾಲ್ಕು ಚಕ್ರವೂ ಎಳೆಯುವ ವಾಹನದಲ್ಲಿ ಮುಂದಿನದಕ್ಕೂ ಹಿಂದಿನದಕ್ಕೂ ಒಂದೇ ಗೇರಿರಬೇಕು. ಇಲ್ಲವಾದರೆ ಫೋರ್‌ವೀಲ್ ಹಾಕಿದೊಡನೆ ಒಂದನ್ನೊಂದು ಜಗ್ಗಾಡಿ ಏನಾದರೂ ಮುರಿಯುತ್ತದೆ. ಕ್ರೌನು, ಪಿನಿಯನ್ನುಗಳನ್ನು ಜೋಡಿಯಾಗಿಯೇ ಹಾಕಬೇಕು. ಹಲ್ಲಿಗೆ ನೀಲಿ ಬಣ್ಣ ಹಚ್ಚಿ, ತಿರುಗಿಸಿ, ಎಲ್ಲಿ ತಾಗುತ್ತದೆಂದು ನೋಡಿ ತೆಳುವಾದ ವಾಷರುಗಳಿಂದ ಸರಿಹೊಂದಿಸಬೇಕು. ಇದನ್ನೆಲ್ಲ ನನಗೆ ಹೇಳಿಕೊಟ್ಟವನು ಅವನೇ.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ನಾನು ಹೇಳಿದ್ದನ್ನೇ ಹಾಕಿಸಿದ್ದರೆ ಜೀಪು 3.87ರ ಹಾಗೆ ನಡೆಯುತ್ತಿತ್ತು. ಅಂಥದ್ದರಲ್ಲಿ ಇಂಜಿನ್ನಿನ ಹಿಡಿತ ಅಷ್ಟರಮಟ್ಟಿಗೆ ಸಡಿಲವಾಗಿ, ಬೆಟ್ಟದಿಂದಿಳಿಯುವ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತಿತ್ತು. ಹಿಂದೆ ಕುಳಿತಿದ್ದವರು ನನ್ನ ಮಕ್ಕಳು. ಅವನು ವರ್ಷವಿಡೀ ಊರಿನಲ್ಲಿ ಯಾರೆದುರೂ ನನ್ನ ತಪ್ಪನ್ನು ಎತ್ತಿರಲಿಲ್ಲ. ಬೆಂಚಿನ ವಿಷಯವನ್ನಂತೂ ಇಂದಿಗೂ ಎತ್ತಿಲ್ಲ. ನಾನೂ ಎತ್ತಲಾರದೆ ಹೋದೆ.

ಮೊಮ್ಮಗನಿಗೆ ಮೊದಲು ಕಾಯ್ದೆಯನ್ನು ಹೇಳಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ನಿನ ಪ್ರಕಾರ, ತಯಾರಕರು ನಮೂದಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿದೆ. 1994ರಲ್ಲಿ ಕಾಯ್ದೆಯ ಯೋಚನೆ ನಮ್ಮಿಬ್ಬರಿಗೂ ಬಂದಿರಲಿಲ್ಲ. ಆಮೇಲೆ ಅವನ ಟೈರಿನ ಅಳತೆ ಕೇಳಿ, ಗುಣಿಸಿ ಭಾಗಿಸಿ ಒಂದು ಅಂಕಿ ಹೇಳಿ, ಹದಿನಾರಿನ ಫೋನ್ ನಂಬರು ಕೊಟ್ಟು ಅಲ್ಲಿ ಒಮ್ಮೆ ಕೇಳಿಕೋ ಎಂದೆ.

ಸಂಜೆ ಮೊಮ್ಮಗ ಮತ್ತೆ ಫೋನು ಮಾಡಿದ. "ಅಜ್ಜ, ಅವರು ನನ್ನ ಟೈರಿನ ವಿಷಯ ಕೇಳಲೇ ಇಲ್ಲ. 'ಮೇಷ್ಟ್ರು ಎಷ್ಟು ಅಂದ್ರು, ಮೊದ್ಲು ಅದ ಹೇಳಪ್ಪ' ಅಂದರು."