ಕೆಲವರು, ಕೆಲವರೇ

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ಕಾಸರಗೋಡಿನ ನನ್ನ ವಿದ್ಯಾರ್ಥಿಯೊಬ್ಬ ಕೇರಳ ಲೋಕಸೇವಾ ಆಯೋಗದ ಸಂದರ್ಶನಕ್ಕೆಂದು ತಿರುವನಂತಪುರದ ಪಟ್ಟಂಗೆ ಹೊರಟಿದ್ದ. ವಿಚಾರಸಂಕಿರಣವೊಂದರ ನಿಮಿತ್ತ ನಾನೂ ಅದೇ ರೈಲಿನಲ್ಲಿದ್ದೆ. ಬೆಳಿಗ್ಗೆ ಪಟ್ಟಂನ ಚಹದಂಗಡಿಯೊಂದರಲ್ಲಿ ಕುಳಿತಿದ್ದಾಗ, ಹುಡುಗನ ಮಲಯಾಳ ತೊದಲುವುದನ್ನು ಕಂಡ ಇನ್ನೊಬ್ಬ ಅಭ್ಯರ್ಥಿ, ‘ನಿಮ್ಮಲ್ಲಿ ಕನ್ನಡ ಕಲಿಯುವವರಿದ್ದಾರೆಯೇ?’ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಇವನು ‘ಫ್ಯೂ’ ಎಂದ. ‘ಅಯ್ಯೋ, ಹಾಗಾದರೆ ಮುಗಿದಂತೆಯೇ’ ಎಂದು ಅವರು ಮರುಗಿದರು. ಹುಡುಗ ಕಕ್ಕಾಬಿಕ್ಕಿಯಾಗಿ ನನ್ನ ಮುಖ ನೋಡಿದ. ‘ಕೆಲವರಿದ್ದಾರೆ’ ಎಂಬುದು ಅವನ ಮನಸ್ಸಿನಲ್ಲಿತ್ತು. ‘ಇಲ್ಲವೆನ್ನುವಷ್ಟು ಕಡಿಮೆ’ ಎಂಬುದು ಬಾಯಿಂದ ಹೊರಟಿತ್ತು. ತಪ್ಪು ಅವನದಲ್ಲ. ಭಾಷಾಂತರದ ತರಗತಿಯಲ್ಲಿ ‘ಫ್ಯೂ’, ‘ಎ ಫ್ಯೂ’ ಎರಡಕ್ಕೂ ‘ಕೆಲವು’ ಎಂದೇ ಬರೆಯಿಸಿದವನು ನಾನು.

ಹಿಂದಿರುಗುವಾಗ ದಾರಿಯುದ್ದಕ್ಕೂ ಇದೇ ಯೋಚನೆ. ಇಂಗ್ಲಿಷಿನ ‘ಫ್ಯೂ’ ಕೊರತೆಯನ್ನು ಹೇಳುತ್ತದೆ. ಅದಕ್ಕೆ ಮೊದಲು ಒಂದು ‘ಎ’ ಸೇರಿದರೆ ಇರುವಿಕೆಯನ್ನು ಹೇಳುತ್ತದೆ. ‘ಲಿಟಲ್’, ‘ಎ ಲಿಟಲ್’ಗಳ ಸಂಗತಿಯೂ ಇದೇ. ಕನ್ನಡದ ನಡೆ ಇದಕ್ಕೆ ವಿರುದ್ಧ. ‘ಕೆಲವರಿದ್ದಾರೆ’ ಎಂದರೆ ಇರುವಿಕೆ. ಅವಧಾರಣೆಯ ‘ಏ’ ಸೇರಿ ‘ಕೆಲವರೇ ಇದ್ದಾರೆ’ ಎಂದಾದೊಡನೆ ಕೊರತೆ. ‘ಸ್ವಲ್ಪ ನೀರಿದೆ’, ‘ಸ್ವಲ್ಪವೇ ನೀರಿದೆ’ ಎಂಬಲ್ಲಿಯೂ ಹೀಗೆಯೇ. ಮಲಯಾಳವೂ ನಮ್ಮ ದಾರಿಯಲ್ಲೇ ನಡೆಯುತ್ತದೆ: ‘ಕುರಚ್ಚು ಪೇರುಂಡ್’ ಎಂದರೆ ಕೆಲವರಿದ್ದಾರೆ; ‘ಕುರಚ್ಚು ಪೇರೇ ಉಳ್ಳೂ’ ಎಂದರೆ ಕೆಲವರೇ ಇರುವುದು. ಅಲ್ಲಿ ಮೊದಲಿಗೆ ಬಂದ ಸ್ವರ ಕೂಡಿಸುತ್ತದೆ. ಇಲ್ಲಿ ಕೊನೆಗೆ ಬಂದ ಸ್ವರ ಕಳೆಯುತ್ತದೆ. ಪದಕ್ಕೆ ಪದವನ್ನಷ್ಟೇ ಜೋಡಿಸಿದರೆ ಈ ಲೆಕ್ಕ ಕೈಗೆ ಸಿಕ್ಕುವುದಿಲ್ಲ.

ಗಡಿನಾಡಿನವರಿಗೆ ಇದು ಬರಿಯ ವ್ಯಾಕರಣದ ವಿಷಯವಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿಯ ಉತ್ತರಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು 1967ರ ಮಹಾಜನ ವರದಿ ಹೇಳಿತಾದರೂ ಅದು ಜಾರಿಗೆ ಬರಲಿಲ್ಲ. ಕನ್ನಡದ ಶಾಲೆ, ಕನ್ನಡ ಬಲ್ಲ ಅಧ್ಯಾಪಕ, ಕನ್ನಡದ ಅರ್ಜಿನಮೂನೆ ಎಲ್ಲಕ್ಕೂ ಮನವಿ ಸಲ್ಲಿಸುತ್ತಲೇ ಬಂದಿದ್ದೇವೆ. ಅಂಥ ಮನವಿಗಳನ್ನು ನಾನೂ ಇಂಗ್ಲಿಷಿನಲ್ಲಿ ಬರೆದುಕೊಟ್ಟಿದ್ದೇನೆ. ಅವುಗಳಲ್ಲಿ ಎಷ್ಟು ಕಡೆ ಆ ‘ಎ’ ಬಿಟ್ಟುಹೋಗಿ ನಮ್ಮ ಮಕ್ಕಳು ಇದ್ದೂ ಇಲ್ಲದವರಾದರೋ!

ಅಂದಿನಿಂದ ಭಾಷಾಂತರದ ಮೊದಲ ಪಾಠದಲ್ಲಿ ನಾನು ಕರಿಹಲಗೆಯ ಮೇಲೆ ಬರೆಯುವುದು ಎರಡು ವಾಕ್ಯ: ‘ಕಾಸರಗೋಡಿನಲ್ಲಿ ಕನ್ನಡ ಕಲಿಯುವವರು ಕೆಲವರಿದ್ದಾರೆ. ಕೆಲವರೇ ಇದ್ದಾರೆ.’ ಇಂಗ್ಲಿಷಿಗೆ ತಿರುಗಿಸಿ ಎನ್ನುತ್ತೇನೆ. ಮೊದಲನೆಯದನ್ನು ಸರಿಯಾಗಿ ಬರೆಯುವವರು ಪ್ರತಿ ವರ್ಷವೂ ಕೆಲವರಾದರೂ ಇರುತ್ತಾರೆ.