ತಡವಾದರೆ ಹುಲಿಗಿಯಲ್ಲೇ ಆಗಲಿ

ತಡ ಎನ್ನುವುದು ಜೊತೆಗಾರರಿದ್ದಾಗ ಜಗಳ, ಒಬ್ಬರೇ ಇದ್ದಾಗ ರಜೆ. ಹೆಂಡತಿ ಮಕ್ಕಳ ಸಂಗಡ ಹೊರಟವನ ಬಸ್ಸು ಅರ್ಧ ತಾಸು ನಿಂತರೆ ಸಾಕು, 'ನಾ ಮೊದಲ ಹೇಳಿದ್ದೆ, ಮುಂಜಾನಿ ಗಾಡಿಗೇ ಹೋಗೂಣು ಅಂತ' ಎಂದು ಕೋರ್ಟು ಶುರುವಾಗುತ್ತದೆ. ತಿಂಗಳುಗಟ್ಟಲೆ ಒಬ್ಬನೇ ಊರೂರು ಅಲೆಯುವವನಿಗೆ ವಾದಿಯೂ ತಾನೇ, ಪ್ರತಿವಾದಿಯೂ ತಾನೇ. ಒಳಗೊಳಗೇ ರಾಜಿ ಮಾಡಿಕೊಂಡು ಚಹಾ ಕುಡಿಯಲು ಇಳಿದರಾಯಿತು.

ತಡ ಆಗಲೇಬೇಕೆಂದಿದ್ದರೆ ಅದು ಹುಲಿಗಿಯಲ್ಲಿ ಆಗಲಿ ಎನ್ನುವವನು ನಾನು. ಕೊಪ್ಪಳದಿಂದ ಹೊಸಪೇಟೆ ಕಡೆ ಹೋಗುವಾಗ, ಮುನಿರಾಬಾದಿನ ಮಗ್ಗುಲಿಗೆ, ತುಂಗಭದ್ರೆಯ ದಂಡೆಯಲ್ಲಿ ಈ ಊರು. ಹುಲಿಗೆಮ್ಮನ ಊರು. ಮಂಗಳವಾರ, ಶುಕ್ರವಾರ ಮಂದಿಯೋ ಮಂದಿ; ಹುಣ್ಣಿಮೆಗಂತೂ ಕೇಳುವುದೇ ಬೇಡ. ಟ್ರ್ಯಾಕ್ಟರು, ಟಂಟಂ, ಮೇಲೂ ಕೆಳಗೂ ಜನ ತುಂಬಿದ ಕ್ರೂಸರು, ನಡುವೆ ರೈಲ್ವೆ ಗೇಟು. ಗೇಟು ಬಿತ್ತೆಂದರೆ ಗೂಡ್ಸ್ ಗಾಡಿಯ ಡಬ್ಬಿ ಎಣಿಸುತ್ತ ನಿಲ್ಲಬೇಕು. ಗೇಟು ಎದ್ದಮೇಲೆ ಎರಡೂ ಕಡೆಯವರು ಒಮ್ಮೆಲೇ ನುಗ್ಗಿ ಮತ್ತೆ ನಿಲ್ಲಬೇಕು.

ಅಂಥದೊಂದು ಹುಣ್ಣಿಮೆ. ಕುಕನೂರು, ಇಟಗಿ ನೋಡಿಕೊಂಡು ಆನೆಗೊಂದಿಗೆ ಹೊರಟಿದ್ದೆ. ಬಸ್ಸು ನಿಂತಿತು. ಡ್ರೈವರು ಎಂಜಿನ್ ಆರಿಸಿದ. ಓಡುವ ಬಸ್ಸಿನಲ್ಲಿ ಅಲ್ಲಿಯವರೆಗೆ ಯಾರೂ ಯಾರನ್ನೂ ನೋಡಿರಲಿಲ್ಲ. ಎಂಜಿನ್ ಆರಿದ್ದೇ ತಡ, ಎಲ್ಲರಿಗೂ ಎಲ್ಲರೂ ಕಂಡರು. ನನ್ನ ಪಕ್ಕದಲ್ಲಿ ಒಬ್ಬ ಮುದುಕಿ, ಮಡಿಲಲ್ಲಿ ಪಡಲಗಿ. ಬಿದಿರಿನ ಬುಟ್ಟಿ, ಒಳಗೆ ಅಮ್ಮನ ಮುಖ, ಸುತ್ತ ಹಸಿರು ಕುಪ್ಪಸದ ಕಣ, ಕವಡಿ ಸರ, ಎಲ್ಲದರ ಮೇಲೆ ಭಂಡಾರ. ಬಸ್ಸು ಅಲುಗಿದಾಗಲೆಲ್ಲ ಆ ಅರಿಸಿನ ನನ್ನ ಚೀಲದ ಮೇಲೂ ಒಂದಿಷ್ಟು ಉದುರಿತ್ತು.

'ಒಬ್ಬನ ಹೊಂಟೀಯೇನೋ ಯಪ್ಪಾ?'

'ಹೌದಬೇ.'

'ಮನ್ಯಾಗ ಯಾರೂ ಇಲ್ಲೇನು?'

ಇದ್ದಾರೆ ಎಂದೆ. ಇದ್ದೂ ಒಬ್ಬನೇ ತಿರುಗುತ್ತಾನೆಂದರೆ ಏನೋ ಕೆಟ್ಟಿರಬೇಕು ಎಂದು ಆಕೆ ತೀರ್ಮಾನಿಸಿದಂತಿತ್ತು. ಗಂಟು ಬಿಚ್ಚಿ ಎರಡು ಕಟಕ ರೊಟ್ಟಿ, ಮೇಲೆ ಪುಂಡಿಪಲ್ಲೆ, ಗುರೆಳ್ಳು ಚಟ್ನಿ ಇಟ್ಟು ಕೈಗೆ ಕೊಟ್ಟಳು. 'ಉಣ್ಣು, ಅಮ್ಮ ಎಲ್ಲಾ ಚಲೋ ಮಾಡ್ತಾಳ.' ನಮ್ಮ ಕಡೆ ಒಬ್ಬಂಟಿ ಪ್ರವಾಸವೆಂಬುದನ್ನು ಹವ್ಯಾಸವೆಂದು ಯಾರೂ ಒಪ್ಪುವುದಿಲ್ಲ; ಅದು ಸಂಕಟವೇ ಇರಬೇಕು. ಆ ರೊಟ್ಟಿಯ ರುಚಿಗೆ ನಾನೂ ತಿದ್ದಲು ಹೋಗಲಿಲ್ಲ. ಬಸ್ಸು ಹೊತ್ತಿಗೆ ಸರಿಯಾಗಿ ಓಡಿದ್ದರೆ ನಾನು ಆನೆಗೊಂದಿಯಲ್ಲಿ ಯಾವುದೋ ಹೋಟೆಲಿನ ತಣ್ಣನೆಯ ಉಪ್ಪಿಟ್ಟು ತಿನ್ನುತ್ತಿದ್ದೆ, ಇನ್ನೂ ಒಬ್ಬನೇ.

ತಡದಿಂದ ಲಾಭ ಹೊಡೆದವರಲ್ಲಿ ನನಗಿಂತ ದೊಡ್ಡವರಿದ್ದಾರೆ. ಹುಲಿಗಿಯಿಂದ ಹಂಪಿ ದೂರವೇನಲ್ಲ, ಹಾಗಾಗಿ ಅಬ್ದುರ್ ರಜಾಕನ ನೆನಪು. ಹೆರಾತಿನ ಶಾರೂಖ್ ಸುಲ್ತಾನ ಅವನನ್ನು ರಾಯಭಾರಿಯಾಗಿ ಕಳಿಸಿದ್ದು ಕಲ್ಲಿಕೋಟೆಗೆ. 1442ರಲ್ಲಿ ಹೊರಟ ಮನುಷ್ಯ ಹೊರ್ಮುಜಿನಲ್ಲಿ ಹಡಗಿನವರ ತಡದಿಂದ ಗಾಳಿಯ ಹಂಗಾಮು ತಪ್ಪಿಸಿಕೊಂಡ, ಜ್ವರ ಹಿಡಿದು ನರಳಿದ, ಅಂತೂ ಕಲ್ಲಿಕೋಟೆ ಮುಟ್ಟಿದ. ಅಲ್ಲಿ ಊರೂ ಹಿಡಿಸಲಿಲ್ಲ, ಕೆಲಸವೂ ಆಗಲಿಲ್ಲ. ಹೀಗೆ ತಿಂಗಳುಗಟ್ಟಲೆ ಕೂತಿದ್ದಾಗ ವಿಜಯನಗರದಿಂದ ಎರಡನೆಯ ದೇವರಾಯನ ಕರೆ ಬಂತು. 1443ರಲ್ಲಿ ಈ ಕಡೆ ಬಂದವನು ಮಹಾನವಮಿಯನ್ನೂ ಕಂಡ, ಬರೆದಿಟ್ಟ. ಅಂದಿನ ವಿಜಯನಗರವನ್ನು ತಿಳಿಯಲು ಇವತ್ತಿಗೂ ಅವನ ಬರಹಕ್ಕೇ ಹೋಗಬೇಕು. ಕೆಲಸ ಬೇಗ ಮುಗಿದಿದ್ದರೆ ಕಲ್ಲಿಕೋಟೆಯನ್ನು ಬಯ್ದು ಊರಿಗೆ ಹೋಗಿಬಿಡುತ್ತಿದ್ದನೋ ಏನೋ.

ಇನ್ನೂ ಹಿಂದಕ್ಕೆ ಹೋದರೆ ಅಶೋಕ. ಕೊಪ್ಪಳದ ಗವಿಮಠದಲ್ಲೂ ಪಾಲ್ಕಿಗುಂಡಿನಲ್ಲೂ ಅವನ ಶಾಸನಗಳಿವೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನದಲ್ಲಿ 256 ಎಂಬ ಅಂಕಿ ಇದೆ. ಅವನು ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕ ಅದು ಎಂದು ಓದುವ ವಿದ್ವಾಂಸರಿದ್ದಾರೆ. ಅದರಲ್ಲಿ ಎಷ್ಟು ರಾತ್ರಿ ಹೊಳೆ ಇಳಿಯಲೆಂದು ದಂಡೆಯ ಮೇಲೆ ಕಾದನೋ! ಚಕ್ರವರ್ತಿ ಎಂದು ಹೊಳೆ ದಾರಿ ಬಿಡುತ್ತದೆಯೇ?

ಹೊಳೆಯ ಮಾತು ಬಂತು. ಈ ಊರಿನ ಹತ್ತಿರ ಸ್ವತಃ ತುಂಗಭದ್ರೆಗೇ ತಡ. 1945ರಲ್ಲಿ ಒಂದು ದಂಡೆಗೆ ಹೈದರಾಬಾದಿನವರು, ಇನ್ನೊಂದು ದಂಡೆಗೆ ಮದ್ರಾಸಿನವರು ಅಡಿಗಲ್ಲು ಹಾಕಿ, 1953ರ ಹೊತ್ತಿಗೆ ಹೊಳೆಯನ್ನು ಹಿಡಿದು ನಿಲ್ಲಿಸಿದರು. ನಿಂತ ನೀರಿನಿಂದ ಗಂಗಾವತಿ ಭತ್ತದ ಸೀಮೆಯಾಯಿತು. ಆದರೆ ನಿಂತ ನೀರು ಹೂಳನ್ನೂ ಬಿಟ್ಟಿತು: 133 ಟಿಎಂಸಿ ಹಿಡಿಯಬೇಕಾದಲ್ಲಿ ಈಗ 105ರ ಆಸುಪಾಸು. 2024ರ ಆಗಸ್ಟಿನಲ್ಲಿ 33 ಗೇಟುಗಳ ಪೈಕಿ 19ನೆಯದು ಚೈನು ಕಡಿದು ಕೊಚ್ಚಿಹೋದಾಗ, ಹೊಳೆಗೆ ಒಮ್ಮೆಲೇ ಅವಸರ ಬಂದಿತ್ತು. ರೈತರ ಎದೆ ಒಡೆದಿತ್ತು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ಅದನ್ನು ಮತ್ತೆ ತಡೆದಾಗ ಈ ಸೀಮೆ ಉಸಿರು ಬಿಟ್ಟಿತು. ತಡಕ್ಕೆ ಹರಕೆ ಹೊತ್ತ ಜನವನ್ನು ಆಗ ನೋಡಬೇಕಿತ್ತು.

ಹಾಗೆಂದು ಎಲ್ಲ ತಡವನ್ನೂ ಅಪ್ಪಿ ಮುದ್ದಾಡಿ ಎಂದು ಹೇಳುವಷ್ಟು ನಾನು ಪುರುಸೊತ್ತಿನ ಮನುಷ್ಯನಲ್ಲ. ಅದೇ ಬಸ್ಸಿನಲ್ಲಿ ಕೊನೆ ಸೀಟಿನಲ್ಲಿ ಗೌಂಡಿ ಕೆಲಸದ ಇಬ್ಬರು ಹುಡುಗರಿದ್ದರು. ಗೇಟು ಬಿದ್ದಷ್ಟು ಹೊತ್ತೂ ಮೇಸ್ತ್ರಿಗೆ ಫೋನು ಹಚ್ಚಿ 'ಬಂದ್ವಿ ಅಣ್ಣಾ, ಬಂದ್ವಿ' ಎನ್ನುತ್ತಿದ್ದರು. ನನಗೆ ರೊಟ್ಟಿ ಸಿಕ್ಕ ಹೊತ್ತಿನಲ್ಲೇ ಅವರಿಗೆ ಅರ್ಧ ದಿನದ ಪಗಾರು ಹೋಗಿರಬಹುದು. ತಡದ ಸುಖ ಪಗಾರಿನ ಹಂಗಿಲ್ಲದವನಿಗೆ ಮಾತ್ರ ದಕ್ಕುವಂಥದ್ದು. ಇದನ್ನು ಹೇಳದೆ ತಡವನ್ನು ಹೊಗಳುವ ಪ್ರವಾಸಿಗರ ಮೇಲೆ ನನಗೆ ಸಿಟ್ಟಿದೆ.

ಇಲ್ಲಿಯದೇ ಇನ್ನೊಂದು ತಡವಿದೆ. ಮುನಿರಾಬಾದ್–ಮಹಬೂಬ್‌ನಗರ ರೈಲು ಮಾರ್ಗ ಮಂಜೂರಾದದ್ದು 1997–98ರಲ್ಲಿ. ಗಂಗಾವತಿಗೆ ಗಾಡಿ ಬಂದದ್ದು 2019ಕ್ಕೆ, ಆಮೇಲೆ ಕಾರಟಗಿ, ಸಿಂಧನೂರಿಗೆ ಮುಟ್ಟಿದ್ದು 2024ರ ಮಾರ್ಚಿಗೆ. ಮುನಿರಾಬಾದ್ ಸ್ಟೇಷನ್ ಮಾತ್ರ 2025ರಲ್ಲಿ ಅಮೃತ ಭಾರತ ಯೋಜನೆಯಡಿ ಹೊಸ ರೂಪದಲ್ಲಿ ಉದ್ಘಾಟನೆಯಾಗಿ ಲಕಲಕ ಅನ್ನುತ್ತಿದೆ. ಅಲ್ಲಿ ಹುಬ್ಬಳ್ಳಿ ಕಡೆಯ ಗಾಡಿಗೆ ಕಾಯುತ್ತ ಕೂತಿದ್ದಾಗ ಕಾರಟಗಿ ಕಡೆಯ ಹಿರಿಯರೊಬ್ಬರು ತಂಬಾಕು ತಿಕ್ಕುತ್ತ ವರದಿ ಒಪ್ಪಿಸಿದರು:

'ನಮ್ಮಪ್ಪ ಬರೇ ಸರ್ವೇದ ಸುದ್ದಿ ಕೇಳಿ ಹೋದ. ನಾ ಹಳಿ ಹಾಕೋದು ನೋಡ್ದೆ. ಮಗ ಗಾಡಿ ಹತ್ತ್ಯಾನ.'

'ಮತ್ತ ರಾಯಚೂರು ಮುಟ್ಟೋದು ಯಾವಾಗ್ರೀ?'

'ನನ್ನೇನ್ ಕೇಳ್ತೀರಿ? ಮೊಮ್ಮಗನ್ನ ಕೇಳ್ರಿ. ಒಂದನೇತ್ತ ಓದಾಕತ್ತ್ಯಾನ.'