ಗಾಳಿಪಟದ ಸೂತ್ರ

ಸೊಲ್ಲಾಪುರ, ಅಕ್ಕಲಕೋಟಗಳ ಕಡೆಯ ಕನ್ನಡ ಹುಡುಗನ ಕೈಯಲ್ಲಿ ಒಂದೇ ಪಟಕ್ಕೆ ಎರಡು ಹೆಸರು. ಮನೆಯಲ್ಲಿ ಅದು ಗಾಳಿಪಟ, ಓಣಿಯಲ್ಲಿ ಪತಂಗ. ಕನ್ನಡ ಪಠ್ಯದಲ್ಲಿ ಪತಂಗವೆಂದರೆ ದೀಪಕ್ಕೆ ಮುತ್ತುವ ಹುಳು. ಮರಾಠಿಯಲ್ಲಿ ಅದೇ ಶಬ್ದ ಹುಳುವಿಗೂ ಸಲ್ಲುತ್ತದೆ, ಪಟಕ್ಕೂ ಸಲ್ಲುತ್ತದೆ. ಸಂಸ್ಕೃತದಲ್ಲಂತೂ ಹಕ್ಕಿಯೂ ಪತಂಗ, ಸೂರ್ಯನೂ ಪತಂಗ. ಗಾಳಿಪಟಕ್ಕೆ ಮರಾಠಿಯಲ್ಲಿ ವಾವಡಿ ಎಂಬ ಹಳೆಯ ಹೆಸರೂ ಉಂಟು. ಇಂದು ಅದು ಹೆಚ್ಚಾಗಿ ಒಂದು ನುಡಿಗಟ್ಟಿನಲ್ಲಿ ಉಳಿದಿದೆ: ವಾವಡಿ ಎದ್ದಿತೆಂದರೆ ಬುಡವಿಲ್ಲದ ಸುದ್ದಿ ಹಬ್ಬಿತೆಂದು ಅರ್ಥ. ಕನ್ನಡಿಗರು ಅದನ್ನೇ ಗಾಳಿಸುದ್ದಿ ಎನ್ನುತ್ತಾರೆ. ಒಂದೇ ಗಾಳಿಯನ್ನು ಕಂಡು ಎರಡು ನುಡಿಗಳು ಹೆಚ್ಚುಕಡಿಮೆ ಒಂದೇ ಮಾತನ್ನಾಡಿವೆ.

ಪಟ ಕಟ್ಟುವ ಕೆಲಸ ನೋಡಲು ಸರಳ. ಚೌಕಾಕಾರದ ತೆಳು ಕಾಗದವನ್ನು ಒಂದು ಮೂಲೆ ಮೇಲೆ ಬರುವಂತೆ ಹಿಡಿದು, ಅಲ್ಲಿಂದ ಕೆಳಮೂಲೆಗೆ ನೆಟ್ಟಗಿನ ಬಿದಿರುಕಡ್ಡಿಯನ್ನು ಅಂಟಿಸಬೇಕು. ಅದಕ್ಕಿಂತ ತೆಳುವಾಗಿ ಸೀಳಿದ ಇನ್ನೊಂದು ಕಡ್ಡಿಯನ್ನು ಬಿಲ್ಲಿನಂತೆ ಬಾಗಿಸಿ ಎಡಬಲದ ಮೂಲೆಗಳಿಗೆ ಕೂಡಿಸಬೇಕು. ಬಿಲ್ಲಿನ ಎರಡು ತೋಳುಗಳು ಸಮತೂಕವಾಗಿರದಿದ್ದರೆ ಪಟ ಒಂದು ಬದಿಗೆ ವಾಲುತ್ತದೆ. ಆಮೇಲೆ ಸೂತ್ರ. ಕಡ್ಡಿಗಳು ಕೂಡುವಲ್ಲಿ ಒಂದು, ಕೆಳತುದಿಯ ಸಮೀಪ ಇನ್ನೊಂದು, ಹೀಗೆ ಕಟ್ಟಿದ ಎರಡು ದಾರಗಳು ಮುಂದೆ ಬಂದು ಒಂದು ಗಂಟಿನಲ್ಲಿ ಸೇರುತ್ತವೆ. ಹಾರಿಸುವ ದಾರವನ್ನು ಬಿಗಿಯುವುದು ಆ ಗಂಟಿಗೆ. ಗಂಟು ತುಸು ಮೇಲೆ ಸರಿದರೆ ಪಟ ಗಾಳಿಗೆ ಕಡಿಮೆ ಎದೆಯೊಡ್ಡುತ್ತದೆ. ಬಿರುಸು ಗಾಳಿಯಲ್ಲಿ ಅದೇ ಕ್ಷೇಮ. ಬಹಳ ಕೆಳಗಿಳಿದರೆ ಎದೆಯೊಡ್ಡಿ ನಿಲ್ಲುತ್ತದೆಯೇ ಹೊರತು ಏರುವುದಿಲ್ಲ.

ಬಾಲಂಗೋಚಿಯ ಪಟ ಎಳೆಯರದು. ಬಾಲದ ಎಳೆತ ಅದನ್ನು ನೆಟ್ಟಗಿಡುತ್ತದೆ. ಕಾಳಗದ ಪಟಕ್ಕೆ ಬಾಲವಿಲ್ಲ. ದಾರವನ್ನು ಎಳೆದಾಗ ಅದರ ರೆಕ್ಕೆಗಳು ಹಿಂದಕ್ಕೆ ಬಾಗಿ, ಪಟ ಮೂತಿ ತಿರುಗಿದ ಕಡೆಗೆ ನೇರವಾಗಿ ಸಾಗುತ್ತದೆ. ಸಡಿಲಬಿಟ್ಟಾಗ ಚಪ್ಪಟೆಯಾಗಿ ಸುತ್ತತೊಡಗುತ್ತದೆ. ಮೂತಿ ಬೇಕಾದ ದಿಕ್ಕಿಗೆ ಬಂದ ಕ್ಷಣದಲ್ಲಿ ಎಳೆಯುವುದೇ ಹಾರಿಸುವವನ ವಿದ್ಯೆ.

ಈ ವಿದ್ಯೆ ಆಟಕ್ಕಷ್ಟೇ ನಿಲ್ಲಲಿಲ್ಲ. ಆಸ್ಟ್ರೇಲಿಯದ ಲಾರೆನ್ಸ್ ಹಾರ್ಗ್ರೇವ್ 1893ರಲ್ಲಿ ಪೆಟ್ಟಿಗೆಯಾಕಾರದ ಪಟವನ್ನು ರೂಪಿಸಿ, ಮರುವರ್ಷ ಅಂಥ ನಾಲ್ಕು ಪಟಗಳ ಬಲದಿಂದ ತಾನೇ ಸುಮಾರು 16 ಅಡಿ ಮೇಲೆದ್ದನು. ರೆಕ್ಕೆ ತಿರುಚುವ ತಮ್ಮ ಉಪಾಯವನ್ನು ರೈಟ್ ಸಹೋದರರು 1899ರಲ್ಲಿ ಮೊದಲು ಪರೀಕ್ಷಿಸಿದ್ದು ಒಂದು ಪಟದ ಮೇಲೆಯೇ. 1901ರಲ್ಲಿ ಅಟ್ಲಾಂಟಿಕ್ ಸಾಗರದಾಚೆಯ ಸಂಕೇತವನ್ನು ಹಿಡಿಯಲು ಮಾರ್ಕೋನಿ ತನ್ನ ತಂತಿಯನ್ನು ಪಟದಿಂದಲೇ ಮೇಲೇರಿಸಿದನು.

ದಾರವೇ ಹಿಂಸೆಯಾದದ್ದೂ ಉಂಟು. ನೈಲಾನ್ ಮಾಂಜಾ ಹಕ್ಕಿಗಳ ರೆಕ್ಕೆಗಳನ್ನೂ ಬೈಕ್ ಸವಾರರ ಕೊರಳನ್ನೂ ಕೊಯ್ದಿದೆ. 2017ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದನ್ನು ದೇಶದಾದ್ಯಂತ ನಿಷೇಧಿಸಿತು. ಇನ್ನೊಂದು ಪಟವನ್ನು ಕತ್ತರಿಸಲೆಂದು ಹರಿತಗೊಳಿಸಿದ ದಾರಕ್ಕೆ ದಾರಿಹೋಕರ ಗುರುತು ತಿಳಿಯದು. ಒಂದು ನುಡಿಯನ್ನು ಇನ್ನೊಂದರ ಮೇಲೆ ಮಸೆದಾಗಲೂ ಹೀಗೆಯೇ ಆಗುತ್ತದೆ.

ಕನ್ನಡ ಐಚ್ಛಿಕ ವಿದ್ಯಾರ್ಥಿಗೆ ಸೂತ್ರ ಹೊಸ ಪದವಲ್ಲ. ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ಅದು ವ್ಯಾಕರಣದ ನಿಯಮ. ಪಟದಲ್ಲಿ ಬರಿಯ ನೂಲು. ಎರಡೂ ಕಡೆ ಅದು ಬಿಗಿಯುತ್ತದೆ, ಬಿಗಿದೇ ಏರಿಸುತ್ತದೆ. ಗಡಿಯಾಚೆಯ ಊರುಗಳಲ್ಲಿ ಕನ್ನಡವನ್ನು ಆರಿಸಿಕೊಂಡವನನ್ನು ಹಿತೈಷಿಗಳೂ ಕೇಳುತ್ತಾರೆ: ‘ಮರಾಠಿ ಇರುವಾಗ ಈ ಹೊರೆ ಯಾಕಪ್ಪಾ?’ ಕಾಲೇಜಿನ ಪ್ರವೇಶದ ದಿನಗಳಲ್ಲಿ ಈ ಪ್ರಶ್ನೆಗೆ ಅಂಜಿ ವಿಷಯ ಬದಲಿಸುವವರಿದ್ದಾರೆ. ಪಟ ಕಟ್ಟಬಲ್ಲವನಿಗೆ ಇದರ ಉತ್ತರ ಗೊತ್ತು. ಸೂತ್ರದ ಮೇಲಿನ ದಾರಕ್ಕೆ ಕೆಳಗಿನ ದಾರ ಹೊರೆಯಲ್ಲ. ಎರಡೂ ಕೂಡಿಯೇ ಪಟದ ಓರೆಯನ್ನು ನಿರ್ಣಯಿಸುತ್ತವೆ. ಯಾವುದನ್ನು ಎಷ್ಟು ಉದ್ದ ಬಿಡಬೇಕೆಂಬುದನ್ನು ಆಯಾ ದಿನದ ಗಾಳಿ ನೋಡಿ ಹೊಂದಿಸಿಕೊಳ್ಳಬಹುದು. ಒಂದನ್ನು ಹರಿದು ಹಾಕಿದ ಮೇಲೆ ಹೊಂದಿಸಲು ಏನೂ ಉಳಿಯುವುದಿಲ್ಲ.